ದಂಡಿನ ಮಣ್ಣಿನಲ್ಲಿ ಮಲಗಿದವರು

ಬೆಂಗಳೂರು ಪೇಟೆಯ ಹಳೆಯ ಮನೆತನಗಳಲ್ಲಿ, ಶಿವಾಜಿನಗರದ ಕಡೆಗೆ ಹೊರಟವರನ್ನು ‘ದಂಡಿಗೆ ಹೋಗಿದ್ದಾರೆ’ ಎಂದು ಹೇಳುವ ರೂಢಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ದಂಡೆಂದರೆ ಸೈನ್ಯ, ಸೈನ್ಯವು ಬೀಡುಬಿಟ್ಟ ಸ್ಥಳಕ್ಕೂ ಕ್ರಮೇಣ ಅದೇ ಹೆಸರು ನಿಂತಿತು. ಅಲ್ಲಿಯ ಕವಾಯತು ಮೈದಾನ, ಚರ್ಚು, ಮಾರುಕಟ್ಟೆ, ಬಂಗಲೆಗಳ ವಿಷಯವಾಗಿ ಬರೆದವರು ಬಹಳ ಮಂದಿ. ಅಲ್ಲಿಯ ಮಸಣಗಳ ವಿಷಯವನ್ನು ಬರೆಯುವುದು ಗೃಹಸ್ಥರು ಓದುವ ಪತ್ರಿಕೆಗೆ ಶೋಭಿಸುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಿಯಾರು. ಮನೆಯೆಂದ ಮೇಲೆ ಹುಟ್ಟಿನಂತೆ ಸಾವೂ ಅದರ ಒಳಗಿನ ಮಾತೇ. ಆದುದರಿಂದ ಸಂಕೋಚವನ್ನು ಬದಿಗಿಟ್ಟು, ಈ ತಿಂಗಳು ವಾಚಕರನ್ನು ಆ ಕಡೆಗೇ ಕರೆದೊಯ್ಯುತ್ತೇವೆ.

ದಂಡಿನ ಮಸಣಗಳ ಕಥೆ ಮೊದಲಾಗುವುದು ಬೆಂಗಳೂರಿನಲ್ಲಲ್ಲ, ಕಾವೇರಿಯ ದಡದಲ್ಲಿ. 1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಇಂಗ್ಲಿಷರ ಕಾವಲು ಸೈನ್ಯವು ಅಲ್ಲಿಯೇ ನೆಲೆಯೂರಿತು. ಕೋಟೆಯನ್ನು ಗೆದ್ದವರನ್ನು ಅಲ್ಲಿಯ ಜ್ವರವು ಗೆಲ್ಲತೊಡಗಿತು. ಊರ ಹೊರಗೆ ಹೊಳೆಯ ಸಮೀಪದಲ್ಲಿ ಅವರು ಮಾಡಿಕೊಂಡ ಚಿಕ್ಕ ಮಸಣವೊಂದು ಈಗಲೂ ಇದೆ. ಸುಮಾರು 300 ಗೋರಿಗಳು. ಅವುಗಳಲ್ಲಿ 80ರಷ್ಟು ‘ಡಿ ಮ್ಯುರಾನ್’ ಎಂಬ ಪಡೆಯ ಅಧಿಕಾರಿಗಳವು. ಈ ಪಡೆಯ ಚರಿತ್ರೆ ವಿಚಿತ್ರವಾದುದು. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲಿನಲ್ಲಿ 1781ರಲ್ಲಿ ಷಾರ್ಲ್-ಡೇನಿಯಲ್ ಡಿ ಮ್ಯುರಾನ್ ಎಂಬಾತನು ಇದನ್ನು ಕೂಡಿಸಿದ್ದು ಡಚ್ಚರ ಕಂಪೆನಿಯ ಸೇವೆಗಾಗಿ. 1795ರಲ್ಲಿ ಸಿಂಹಳದಲ್ಲಿದ್ದಾಗ ಅದು ಇಂಗ್ಲಿಷರ ಸಂಬಳಕ್ಕೆ ಬದಲಾಯಿತು. ಹಿಮದ ನಾಡಿನಲ್ಲಿ ಹುಟ್ಟಿ, ಡಚ್ಚರಿಗೆ ಸೇರಿ, ಇಂಗ್ಲಿಷರಿಗಾಗಿ ಕಾದು, ಕನ್ನಡ ಮಣ್ಣಿನಲ್ಲಿ ಮಲಗಿದ ಈ ತರುಣರಿಗೆ ನಮ್ಮ ಮೇಲೆ ಯಾವ ವೈರವಿತ್ತು? ಸಂಬಳದ ಋಣವೊಂದೇ ಅವರನ್ನು ಇಲ್ಲಿಯವರೆಗೆ ಎಳೆದು ತಂದಿತು. ಪಾಳುಬಿದ್ದಿದ್ದ ಆ ಸ್ಥಳವನ್ನು 2007-08ರ ಸುಮಾರಿಗೆ ಅದೇ ಡಿ ಮ್ಯುರಾನ್ ವಂಶದವರು ಸ್ವಿಟ್ಜರ್ಲೆಂಡಿನಿಂದ ಬಂದು, ತಮ್ಮ ಖರ್ಚಿನಿಂದ ಜೀರ್ಣೋದ್ಧಾರ ಮಾಡಿಸಿದರು. ಇನ್ನೂರು ವರ್ಷಗಳ ಹಿಂದಿನ ಹೆಸರನ್ನು ಹುಡುಕಿಕೊಂಡು ಅಷ್ಟು ದೂರ ಬಂದ ಮಕ್ಕಳನ್ನು ಮೆಚ್ಚತಕ್ಕದ್ದೇ.

ಅದೇ ಮಸಣದ ಹತ್ತಿರ ಹೊಳೆಯ ದಡದಲ್ಲಿ ‘ಸ್ಕಾಟ್ ಬಂಗಲೆ’ ಎಂಬುದೊಂದಿದೆ. ಅದರ ವಿಷಯವಾಗಿ ಒಂದು ಕಥೆಯನ್ನು ಜನ ಬಲು ರಸವತ್ತಾಗಿ ಹೇಳುತ್ತಾರೆ. ಕರ್ನಲ್ ಸ್ಕಾಟನು ಮನೆಗೆ ಬಂದಾಗ ಹೆಂಡತಿಯೂ ಮಕ್ಕಳೂ ವಾಂತಿಭೇದಿಯಿಂದ ಸತ್ತು ಬಿದ್ದಿದ್ದರಂತೆ. ಆತನು ಎದ್ದವನೇ ಎಲ್ಲವನ್ನೂ ಇದ್ದಂತೆಯೇ ಬಿಟ್ಟು ಕಾವೇರಿಯ ಕಡೆಗೆ ಹೋಗಿ ಮಾಯವಾದನಂತೆ. ಇಂಗ್ಲಿಷರಲ್ಲಿ ಇದನ್ನು ಪದ್ಯ ಕಟ್ಟಿದವರೂ ಉಂಟು. ಗೋರಿಯ ಕಲ್ಲು ಬೇರೊಂದು ಮಾತನ್ನು ಹೇಳುತ್ತದೆ. ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬ ಹೆಣ್ಣುಮಗಳು 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಮಾಯವಾದ ಕರ್ನಲನ ಕಥೆಯನ್ನು ಕೇಳಿ ನಿಟ್ಟುಸಿರು ಬಿಡುವವರು, ಬಾಣಂತನದಲ್ಲಿ ಹೋದ ಆ ತಾಯಿಯ ಕಲ್ಲಿನ ಮುಂದೆ ನಿಲ್ಲುವುದು ಕಡಮೆ. ಆ ಕಾಲದಲ್ಲಿ ಅರಮನೆಯಾಗಲಿ ಗುಡಿಸಲಾಗಲಿ, ದೊರೆಸಾನಿಯಾಗಲಿ ಅವಳ ಆಯಾ ಆಗಲಿ, ಹೆರಿಗೆಯ ಕೋಣೆಯ ಬಾಗಿಲು ಎಲ್ಲರಿಗೂ ಒಂದೇ ಬಗೆಯಾಗಿ ತೆರೆಯುತ್ತಿತ್ತು. ನಮ್ಮ ಕಣ್ಣಿಗೆ ಕಥೆಗಿಂತ ಕಲ್ಲೇ ಹೆಚ್ಚು ಭಾರವಾಗಿ ಕಾಣುತ್ತದೆ.

ಜ್ವರದ ಕಾಟವನ್ನು ತಾಳಲಾರದೆ ಇಂಗ್ಲಿಷರು ಎತ್ತರವಾದ, ತಂಪಾದ ಬಯಲನ್ನು ಹುಡುಕಿ, ಹಲಸೂರಿನ ಪಶ್ಚಿಮಕ್ಕೆ ದಂಡನ್ನು ಕಟ್ಟಿದರು. ಮದ್ರಾಸ್ ಇಂಜಿನಿಯರ್ಸ್ ಪಡೆಯ ಜಾನ್ ಬ್ಲೇಕಿಸ್ಟನ್ ಅದರ ನಕ್ಷೆಯನ್ನು ಹಾಕಿದನು. 1809ರ ಹೊತ್ತಿಗೆ ಸೈನ್ಯವು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದಿತು. ಗಾಳಿ ಬದಲಾಯಿಸಿದರೆ ಸಾವು ಹಿಂದೆ ಉಳಿಯುವುದೆಂಬ ನಂಬಿಕೆ ಅವರದು. ಜ್ವರಕ್ಕೆ ಕಾರಣ ಕೆಟ್ಟ ಗಾಳಿಯೆಂದೇ ಆಗಿನ ವೈದ್ಯರು ತಿಳಿದಿದ್ದರು.

ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಬೆಂಗಳೂರು ದಂಡಿನಲ್ಲಿ ಕೆಲಸಕ್ಕಿದ್ದನು. ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಹಾವಳಿ ವಿಪರೀತವಾಗಿರಲು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಅವುಗಳ ಮರಿಗಳು ಹೊರಳಾಡುವುದನ್ನು ಕಂಡು, ಅದನ್ನು ಬೋರಲು ಹಾಕಿಸಿದನು. ಸೊಳ್ಳೆ ಇಳಿಯಿತು. ಪಡೆಯ ಭೋಜನಗೃಹದ ಸುತ್ತಲಿನ ಕುಂಡ ತೊಟ್ಟಿಗಳನ್ನೂ ಹೀಗೆಯೇ ಬರಿದು ಮಾಡಿಸೋಣವೆಂದು ಅಲ್ಲಿಯ ಅಧಿಕಾರಿಗೆ ಹೇಳಿದಾಗ, ಆತನು ತಿರಸ್ಕಾರದಿಂದ, ಇದು ಸೃಷ್ಟಿಯ ಕ್ರಮಕ್ಕೆ ವಿರೋಧ, ಸೊಳ್ಳೆಯನ್ನು ದೇವರು ಏತಕ್ಕೋ ಹುಟ್ಟಿಸಿದ್ದಾನೆ, ಸಹಿಸಿಕೊಳ್ಳುವುದೇ ಧರ್ಮ ಎಂಬರ್ಥದ ಮಾತನ್ನಾಡಿದನಂತೆ. ರಾಸನೇ ತನ್ನ ನೆನಪುಗಳಲ್ಲಿ ಇದನ್ನು ಬರೆದಿದ್ದಾನೆ. ಹದಿನಾಲ್ಕು ವರ್ಷಗಳ ಮೇಲೆ, 1897ರಲ್ಲಿ, ಸಿಕಂದರಾಬಾದಿನಲ್ಲಿ ಅದೇ ರಾಸನು ಮಲೇರಿಯಾ ಜ್ವರದ ಬೀಜವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡು ಲೋಕಪ್ರಸಿದ್ಧನಾದನು. 1902ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಶ್ರೀರಂಗಪಟ್ಟಣದಿಂದ ಓಡಿಬಂದವರ ಕಿಟಕಿಯ ಹೊರಗೆ, ಒಂದು ತೊಟ್ಟಿಯ ನೀರಿನಲ್ಲಿ, ಅವರ ಶತ್ರು ಹಾಯಾಗಿ ಬೆಳೆಯುತ್ತಿದ್ದನು. ಮನೆಯ ಹಿತ್ತಲಿನಲ್ಲಿ ನೀರು ನಿಲ್ಲಗೊಡಬೇಡಿರೆಂದು ನಾವು ಈ ಪುಟಗಳಲ್ಲಿ ಪದೇ ಪದೇ ಬರೆದಾಗ ಬೇಸರಪಡುವ ಯಜಮಾನರು ಆ ಅಧಿಕಾರಿಯನ್ನು ಸ್ವಲ್ಪ ನೆನೆಯಲಿ.

ಜ್ವರವೊಂದೇ ಅಲ್ಲದೆ ವಾಂತಿಭೇದಿಯೂ ರಕ್ತಭೇದಿಯೂ ದಂಡನ್ನು ಹಿಂಡಿದವು. ಕೆರೆಬಾವಿಗಳ ನೀರನ್ನೇ ಕುಡಿಯಬೇಕಾಗಿದ್ದ ಕಾಲ. 1882ರಲ್ಲಿ ಸ್ಯಾಂಕಿ ಕೆರೆಯನ್ನು ಕಟ್ಟಿದುದು ದಂಡಿನ ನೀರಿಗಾಗಿ. ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದುಬಂದುದು ಆ ಶತಮಾನದ ಕೊನೆಯ ದಶಕದಲ್ಲಿ. ಅಷ್ಟರೊಳಗೆ ಅಗರದ ಬಯಲಿನ ಹಳೆಯ ಮಸಣದಲ್ಲಿಯೂ, ಆಮೇಲೆ ಹೊಸೂರು ರಸ್ತೆಯ ಎರಡು ಕಡೆಗಳಲ್ಲಿ ಬೆಳೆದ ಮಸಣಗಳಲ್ಲಿಯೂ ಕಲ್ಲುಗಳು ಸಾಲುಗಟ್ಟಿದ್ದವು. ಹಿಂದೂಸ್ಥಾನಕ್ಕೆ ಬಂದ ಯೂರೋಪಿಯನನ ಆಯುಸ್ಸು ಎರಡು ಮಳೆಗಾಲ ಎಂಬ ಗಾದೆ ಇಂಗ್ಲಿಷರಲ್ಲಿಯೇ ಹುಟ್ಟಿದುದು.

ಹೊಸೂರು ರಸ್ತೆಯ ಹಳೆಯ ಭಾಗದಲ್ಲಿ ಒಂದು ಗಂಟೆ ಅಡ್ಡಾಡಿದವರಿಗೆ ಕಾಣುವುದೇನು? ಇಪ್ಪತ್ತೆರಡು, ಇಪ್ಪತ್ತೇಳು, ಮೂವತ್ತೊಂದು: ಇಂಥ ವಯಸ್ಸುಗಳೇ. ಒಂದೇ ಕಲ್ಲಿನ ಮೇಲೆ ತಾಯಿ, ಕೆಳಗೆ ತಿಂಗಳು ತುಂಬದ ಕೂಸು. ದೊಡ್ಡ ಅಧಿಕಾರಿಗಳಿಗೆ ಕಂಬ, ಕಮಾನು, ಬಟ್ಟೆ ಹೊದಿಸಿದ ಕೊಡ. ಸಾಮಾನ್ಯ ಸೋಲ್ಜರಿಗೆ ಜೊತೆಗಾರರು ಚಂದಾ ಎತ್ತಿ ನಿಲ್ಲಿಸಿದ ಒಂದು ಚಪ್ಪಡಿ. ಸತ್ತ ಮೇಲೂ ದರ್ಜೆ ತಪ್ಪಲಿಲ್ಲ. ಆ ಕಲ್ಲುಗಳನ್ನು ಕೆತ್ತಿದವರು ಮಾತ್ರ ನಮ್ಮ ನಾಡಿನ ಕಲ್ಲುಕುಟಿಗರು. ಓದಲು ಬಾರದ ಲಿಪಿಯನ್ನು ಚಿತ್ರದಂತೆ ನೋಡಿ ನೋಡಿ ಕಡೆದವರೂ ಅವರಲ್ಲಿ ಇದ್ದಿರಬೇಕು. ಒಮ್ಮೊಮ್ಮೆ ಅಕ್ಷರ ತಲೆಕೆಳಗಾದರೆ ನಗುವುದಕ್ಕೆ ಮನಸ್ಸು ಬಾರದು.

ಇವರ ನಡುವೆ ನಮ್ಮವರೆಂದು ಹೇಳಿಕೊಳ್ಳತಕ್ಕ ಒಬ್ಬರು ಮಲಗಿದ್ದಾರೆ. ಜಿ. ಎಚ್. ಕ್ರುಂಬಿಗಲ್ ಅವರು ಜರ್ಮನಿಯಲ್ಲಿ ಹುಟ್ಟಿ, ಕ್ಯೂ ಉದ್ಯಾನದಲ್ಲಿ ಕಲಿತು, ಬರೋಡೆಯಲ್ಲಿ ಕೆಲಸ ಮಾಡಿ, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಸಾಲುಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿಕೊಟ್ಟವರು ಅವರು. ಜರ್ಮನನೆಂಬ ಕಾರಣಕ್ಕೆ ಮಹಾಯುದ್ಧದ ಕಾಲದಲ್ಲಿ ಬಂಧನವನ್ನೂ ಅನುಭವಿಸಿದರು. ಆದರೂ ಊರನ್ನು ಬಿಡಲಿಲ್ಲ. 1956ರಲ್ಲಿ ತೀರಿಕೊಂಡು ಹೊಸೂರು ರಸ್ತೆಯ ಮೆಥೊಡಿಸ್ಟ್ ಸ್ಮಶಾನದಲ್ಲಿ ಮಣ್ಣಾದರು. ಮಾಗಿಯ ಕೊನೆಯಲ್ಲಿ ದಂಡಿನ ರಸ್ತೆಗಳು ಹೂವಿನಿಂದ ತುಂಬಿದಾಗ ಅವರ ಸ್ಮಾರಕವನ್ನು ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಾದುದಿಲ್ಲ.

ಯಾರ ಸತ್ತವರನ್ನು ಊರು ನೆನೆಯಬೇಕು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಒಮ್ಮೆ ಬೀದಿಗೇ ಬಂದಿತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನು ಹಿಡಿಯಿತು. ಆ ದಿನ ಕರ್ನಲ್ ಮೂರ್‌ಹೌಸ್ ಎಂಬಾತನು ಪೇಟೆಯ ಬಾಗಿಲಲ್ಲಿ ಬಿದ್ದನು. ಅದೇ ತಿಂಗಳು 21ರ ರಾತ್ರಿ ಕೋಟೆ ಬಿದ್ದಿತು. ಆ ಕಾಳಗದಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳಿಗಾಗಿ ಪೇಟೆಯ ಅಂಚಿನಲ್ಲಿ ಒಂದು ಎತ್ತರವಾದ ಸ್ಮಾರಕಸ್ತಂಭವನ್ನು ನಿಲ್ಲಿಸಿದ್ದರು. ಈಗಿನ ನೃಪತುಂಗ ರಸ್ತೆಗೆ ಹಿಂದೆ ಅದರ ಹೆಸರೇ ಇತ್ತು. 1964ರಲ್ಲಿ ಅದನ್ನು ಕೆಡವಿದರು. ಊರನ್ನು ಮುತ್ತಿದವರ ನೆನಪು ಊರ ನಡುವೆ ಏಕೆ ಎಂಬುದು ಕೆಡವಿಸಿದವರ ವಾದ. ವಾದದಲ್ಲಿ ನ್ಯಾಯವಿಲ್ಲದಿಲ್ಲ. ಅದೇ ರಾತ್ರಿ ಕೋಟೆಯನ್ನು ಬಿಟ್ಟುಕೊಡದೆ ಕಾದು ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರನ್ನು ಎಷ್ಟು ಮಂದಿ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಂದು ಕೇಳಿದರೆ ಮಾತ್ರ ಉತ್ತರ ಹೊರಡದು. ಬಿಳಿಗಡ್ಡದ ಮುದುಕ ಆತ. ಶವವನ್ನು ಒಪ್ಪಿಸುತ್ತೇವೆಂದು ಕಾರ್ನ್‌ವಾಲಿಸನು ಹೇಳಿ ಕಳುಹಿಸಿದಾಗ, ಬಿದ್ದ ಸ್ಥಳಕ್ಕಿಂತ ಗೌರವವಾದ ಸ್ಥಳ ಆತನಿಗೆ ಬೇರೆ ಇಲ್ಲವೆಂದು ಟಿಪ್ಪುವು ಉತ್ತರ ಕೊಟ್ಟನೆಂದು ಇಂಗ್ಲಿಷ್ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಕೃಷ್ಣರಾಜ ಮಾರುಕಟ್ಟೆಯ ಬಳಿಯ ದರ್ಗಾ ಒಂದನ್ನು ಜನ ಆತನದೆಂದು ನಂಬಿ ನಡೆದುಕೊಳ್ಳುತ್ತಾರೆ. ಸ್ತಂಭವನ್ನು ಕೆಡವುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಈ ಮುದುಕನ ಹೆಸರು ನಿಲ್ಲಿಸುವುದಕ್ಕೆ ಮೀಸಲಿಟ್ಟಿದ್ದರೆ ಚೆನ್ನಾಗಿತ್ತು.

ದಂಡಿನಲ್ಲಿ ಕಲ್ಲಿಲ್ಲದೆ ಹೋದವರ ಲೆಕ್ಕ ಇನ್ನೂ ದೊಡ್ಡದು. ಮದ್ರಾಸ್ ಸೈನ್ಯದ ಸಿಪಾಯಿಗಳು, ಕುದುರೆಗೆ ಹುಲ್ಲು ಹೊರುವವರು, ಬಟ್ಲರುಗಳು, ಆಯಾಗಳು, ದೋಬಿಗಳು, ಗಾರೆ ಕೆಲಸದವರು—ಇವರು ಇಲ್ಲದಿದ್ದರೆ ದಂಡು ಒಂದು ದಿನವೂ ನಡೆಯುತ್ತಿರಲಿಲ್ಲ. ಅವರಲ್ಲಿ ಕೆಲವರನ್ನು ಸುಟ್ಟರು, ಕೆಲವರನ್ನು ಹೂಳಿದರು. ಹೂಳಿದ ಗುರುತಿಗೆ ಒಂದು ಗುಂಡುಕಲ್ಲು, ಅದೂ ಎರಡು ಮಳೆ ಕಳೆಯುವತನಕ. ಹಲಸೂರಿಗೆ ಸಮೀಪವಾದ ಕಲ್ಪಳ್ಳಿಯ ಕಡೆಗೆ ಹೋದರೆ ಈ ಜನದ ಮೊಮ್ಮಕ್ಕಳು ಕಾಣುತ್ತಾರೆ. ಅಲ್ಲಿ ಕ್ರೈಸ್ತರ ಸ್ಮಶಾನವೂ ಹಿಂದೂಗಳ ರುದ್ರಭೂಮಿಯೂ ಒಂದೇ ನೆರೆಯಲ್ಲಿವೆ. ನವೆಂಬರ್ 2ರಂದು, ಸತ್ತವರ ಹಬ್ಬದ ದಿನ, ತಮಿಳು ಕನ್ನಡ ಇಂಗ್ಲಿಷು ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುವ ಕುಟುಂಬಗಳು ಗೋರಿಗಳನ್ನು ತೊಳೆದು, ಚೆಂಡುಹೂವಿನಿಂದ ಸಿಂಗರಿಸಿ, ಮೇಣದಬತ್ತಿ ಹಚ್ಚುತ್ತವೆ. ಮಹಾಲಯದ ಪಕ್ಷದಲ್ಲಿ ಎಡೆಯಿಡುವ ನಮ್ಮ ತಾಯಂದಿರಿಗೆ ಆ ದೃಶ್ಯದಲ್ಲಿ ಅಪರಿಚಿತವಾದುದು ಏನೂ ಇರಲಾರದು.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯಲ್ಲಿಯೂ ದಂಡಿನಲ್ಲಿಯೂ ಸಾವಿರಾರು ಮಂದಿ ಹೋದರು. ಜನ ಮನೆಗಳಿಗೆ ಬೀಗ ಹಾಕಿ ಹೊರಗಿನ ಬಯಲಿನಲ್ಲಿ ಚಪ್ಪರ ಕಟ್ಟಿಕೊಂಡರು. ಶವ ಹೊರುವುದಕ್ಕೆ ನಾಲ್ಕು ಹೆಗಲು ಸಿಕ್ಕದ ಮನೆಗಳಿದ್ದವು. ಆ ಭಯದಿಂದಲೇ ಪ್ಲೇಗಿನಮ್ಮನ ಗುಡಿಗಳೂ ಎದ್ದವು, ಮಲ್ಲೇಶ್ವರ ಬಸವನಗುಡಿಗಳಂಥ ಅಗಲ ಬೀದಿಯ ಬಡಾವಣೆಗಳೂ ಬೆಳೆದವು. ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿದುದು ಇದರ ಫಲವಾಗಿಯೇ. ಇಲಿ ಸೇರದಂತೆ ಮನೆ ಕಟ್ಟುವ ವಿಚಾರವನ್ನು ಅಲ್ಲಿ ಪ್ರಯೋಗಿಸಿದರು. ಆ ಬೀದಿಗಳ ಬೆಳಕು ಗಾಳಿಗಳನ್ನು ಹೊಗಳುವವರು, ಅವುಗಳ ಬೆಲೆಯನ್ನು ಯಾರು ತೆತ್ತರೆಂಬುದನ್ನು ಕೇಳುವುದಿಲ್ಲ.

ಆಮೇಲೆ ಅಂಥದೊಂದು ಕಾಲವನ್ನು ನಾವೇ ಕಂಡೆವು. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲ್ಪಳ್ಳಿಯ ಚಿತಾಗಾರದಂತೆ ಊರಿನ ಎಲ್ಲ ಚಿತಾಗಾರಗಳೂ ಹಗಲಿರುಳು ಉರಿದವು. ಸ್ಥಳ ಸಾಲದೆ ಗಿಡ್ಡೇನಹಳ್ಳಿ, ತಾವರೆಕೆರೆಗಳ ಬಯಲಿನಲ್ಲಿ ಚಿತೆಗಳನ್ನು ಒಟ್ಟಿದರು. ಆಂಬುಲೆನ್ಸುಗಳ ಸಾಲಿನಲ್ಲಿ ಕಾದು ಕುಳಿತ ಮಕ್ಕಳಿಗೆ ತಂದೆತಾಯಿಗಳ ಮುಖವನ್ನು ಕೊನೆಯ ಬಾರಿ ನೋಡುವ ಅವಕಾಶವೂ ದೊರೆಯಲಿಲ್ಲ. ಆ ದಿನಗಳಲ್ಲಿ ಗುಂಡಿ ತೋಡಿದವರನ್ನೂ ಬೆಂಕಿ ಕೊಟ್ಟವರನ್ನೂ ಊರು ಒಂದು ತಿಂಗಳು ಹೊಗಳಿತು. ಅನಂತರ ಅವರು ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುವ ಹಳೆಯ ಅಭ್ಯಾಸ ಮರಳಿ ಬಂದುದನ್ನು ನೋಡಿ ನಮಗೆ ನಾಚಿಕೆಯಾಯಿತು.

ಯುದ್ಧದಲ್ಲಿ ಸತ್ತವರ ಹೆಸರುಗಳಿಗೂ ಅಲೆದಾಟ ತಪ್ಪಿಲ್ಲ. ಮದ್ರಾಸಿನ ನಂದಂಬಾಕಂ ಎಂಬಲ್ಲಿ 1952ರಲ್ಲಿ ಏರ್ಪಟ್ಟ ಯುದ್ಧಸ್ಮಶಾನಕ್ಕೆ, ದಕ್ಷಿಣದ ಮತ್ತು ಪೂರ್ವದ ದಂಡಿನೂರುಗಳಲ್ಲಿ ನೋಡಿಕೊಳ್ಳುವವರಿಲ್ಲದ ಎರಡನೆಯ ಮಹಾಯುದ್ಧದ ಗೋರಿಗಳನ್ನು ಸಾಗಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತೀರಿಕೊಂಡು ಅಲ್ಲಲ್ಲಿಯ ಮಸಣಗಳಲ್ಲಿ ಹೂತುಹೋದ ಸಾವಿರಕ್ಕೂ ಮಿಕ್ಕ ಮಂದಿಯ ಹೆಸರುಗಳನ್ನು ಅಲ್ಲಿಯೇ ಕಲ್ಲಿನಲ್ಲಿ ಕೆತ್ತಿಸಿದರು. ಇತ್ತ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಈಟಿ ಹಿಡಿದು ನುಗ್ಗಿ ಗೆದ್ದವರು. ಮಡಿದವರು ಅಲ್ಲಿಯೇ ಉಳಿದರು, ಹೆಸರು ಮಾತ್ರ ಜಯಚಾಮರಾಜೇಂದ್ರ ನಗರದ ಸ್ಮಾರಕಕ್ಕೆ ಮರಳಿತು.

ಇಂಗ್ಲಿಷರ ಕಲ್ಲುಗಳ ಮಾತೇ ಹೆಚ್ಚಾಯಿತೆಂದು ವಾಚಕರು ಹೇಳಬಹುದು. ಸತ್ತವನಿಗೆ ಕಲ್ಲು ನಿಲ್ಲಿಸುವುದು ನಾವು ಅವರಿಂದ ಕಲಿತುದಲ್ಲ. ಬೆಂಗಳೂರಿನ ಹೆಸರು ನಮಗೆ ತಿಳಿದಂತೆ ಮೊತ್ತಮೊದಲು ಕಾಣುವುದು ಬೇಗೂರಿನ ಒಂದು ವೀರಗಲ್ಲಿನಲ್ಲಿ, ಸುಮಾರು ಕ್ರಿ. ಶ. 890ರ ಕಾಲದ್ದು, ‘ಬೆಂಗಳೂರ ಕಾಳಗ’ದಲ್ಲಿ ಬಿದ್ದವನಿಗಾಗಿ ನಿಲ್ಲಿಸಿದುದು. ನಮ್ಮ ಊರು ಚರಿತ್ರೆಯೊಳಗೆ ಕಾಲಿಟ್ಟುದೇ ಒಬ್ಬ ಸತ್ತವನ ಕೈ ಹಿಡಿದು. ಹೆಬ್ಬಾಳದ ಕಿತ್ತಯ್ಯನ ಕಲ್ಲು ಇದಕ್ಕಿಂತ ಹಿಂದಿನದು, ಸುಮಾರು 750ರದು. 2018ರಲ್ಲಿ ಚರಂಡಿಯ ಕೆಲಸಕ್ಕಾಗಿ ಅಗೆದ ಮಣ್ಣಿನೊಡನೆ ಅದು ಕಳೆದೇ ಹೋಗುವುದರಲ್ಲಿತ್ತು. ಶಾಸನಾಸಕ್ತರು ಕೆಲವರು ಕಂಡು ಉಳಿಸಿದರು. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆತ್ತಿ ನಿಂತಿರುತ್ತದೆ. ಆ ಕೈಯನ್ನು ಪೂಜಿಸುವ ಮುನ್ನ ಆ ಹೆಣ್ಣಿಗೆ ಬೇರೆ ದಾರಿಯಿತ್ತೇ ಎಂದು ಒಂದು ಕ್ಷಣ ಯೋಚಿಸುವುದು ಲೇಸು.

ಈಗಿನ ಆಪತ್ತು ಕೃಷ್ಣರಾಜಪುರದ ಕಡೆಯದು. 1948ರಲ್ಲಿ ದೂರವಾಣಿ ಕಾರ್ಖಾನೆ ಬಂದಾಗ ಅದರ ಸುತ್ತ ಇದ್ದುದು ರಾಗಿಯ ಹೊಲ, ಹುಣಿಸೆಯ ತೋಪು, ಕೆರೆಯ ಅಂಗಳ. 2007ರಲ್ಲಿ ಆ ಪುರಸಭೆಯೂ ಮಹಾನಗರದೊಳಗೆ ಸೇರಿತು. ಆ ಕಡೆಯ ಒಕ್ಕಲು ಮನೆತನಗಳಲ್ಲಿ ಹಿರಿಯರನ್ನು ತಮ್ಮ ಹೊಲದ ಬದುವಿನಲ್ಲಿಯೇ ಮಣ್ಣು ಮಾಡುವುದು ವಾಡಿಕೆ. ಉತ್ತು ಬಿತ್ತಿದವನು ಅದೇ ಹೊಲದ ಮೂಲೆಯಲ್ಲಿ ಮಲಗುತ್ತಿದ್ದನು. ಹೊಸ ರಾಗಿಯ ಮೊದಲ ಮುದ್ದೆ ಆತನ ಕಟ್ಟೆಯ ಮೇಲೆ ಎಡೆಯಾಗುತ್ತಿತ್ತು. ಹೊಲವು ನಿವೇಶನಗಳಾಗಿ ಮಾರಾಟವಾದಾಗ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರೆ, ಮರಗಳ ಲೆಕ್ಕವನ್ನೂ ಬರೆಯುತ್ತಾರೆ. ಅಜ್ಜನ ಕಟ್ಟೆಯನ್ನು ಬರೆಯುವವರು ಅಪರೂಪ. ಯಂತ್ರ ಬಂದು ಒಂದು ಗಳಿಗೆಯಲ್ಲಿ ಸಮ ಮಾಡುತ್ತದೆ. ಮಾರಿದವನನ್ನು ಹಳಿಯಲು ನಮಗೆ ಬಾಯಿ ಬಾರದು. ಮಗಳ ಮದುವೆ, ಸಾಲ, ಅಣ್ಣತಮ್ಮಂದಿರ ಪಾಲು, ಕಾರಣ ಸಾವಿರ. ಆದರೆ ಮಾರುವ ಮೊದಲು ನಾಲ್ಕಡಿ ಜಾಗವನ್ನು ಪತ್ರದಲ್ಲಿಯೇ ಬಿಡಿಸಿಕೊಂಡು ದಾರಿಯ ಹಕ್ಕನ್ನೂ ಬರೆಯಿಸುವುದು ಸಾಧ್ಯವಿದೆ. ಅದು ಆಗದಿದ್ದರೆ ಒಂದು ಹಿಡಿ ಮಣ್ಣನ್ನು ಶಾಸ್ತ್ರೋಕ್ತವಾಗಿ ತೆಗೆದು ಬೇರೆಡೆ ಇಟ್ಟು ಕಲ್ಲು ನಿಲ್ಲಿಸುವವರೂ ಇದ್ದಾರೆ.

ಕ್ರೈಸ್ತರ ಸ್ಮಶಾನಗಳಲ್ಲಿಯೂ ಜಾಗದ ಬಡತನವೇ. ಹೊಸ ಗುಂಡಿಗೆ ಸ್ಥಳವಿಲ್ಲದೆ ಕುಟುಂಬದ ಹಳೆಯ ಗೋರಿಯನ್ನೇ ತೆರೆದು ಮಗನನ್ನು ತಂದೆಯ ಮೇಲೆ ಇಡುತ್ತಾರೆ. ವಾರಸುದಾರರು ಬಾರದ ಗೋರಿ ಎಷ್ಟು ದಿನ ಹಾಗೆಯೇ ಉಳಿದೀತು?

ಈ ಮಾತುಗಳನ್ನು ಓದಿ ತಮ್ಮ ಮನೆಯವರ ಕಲ್ಲನ್ನು ನೋಡಿಬರಲು ಹೊರಡುವವರಿಗೆ ಎರಡು ಮಾತು ಹೇಳಿ ಮುಗಿಸುತ್ತೇವೆ. ಹಳೆಯ ಅಕ್ಷರವನ್ನು ಓದುವುದಕ್ಕೆ ಬೆಳಗಿನ ಎಳೆಬಿಸಿಲು, ಇಲ್ಲವೆ ಸಂಜೆಯ ಓರೆಬೆಳಕು ಒಳ್ಳೆಯದು; ನಡುಹಗಲಿನಲ್ಲಿ ಕೆತ್ತನೆ ಕಾಣದು. ತಿಳಿನೀರು ಮತ್ತು ಮೆತ್ತನೆಯ ತೆಂಗಿನ ನಾರು ಸಾಕು. ಕಬ್ಬಿಣದ ಬ್ರಷ್ಷನ್ನೂ ಕಕ್ಕಸು ತೊಳೆಯುವ ಆಮ್ಲವನ್ನೂ ಮುಟ್ಟಿಸಲೇಬಾರ್ದು. ಭಕ್ತಿಯಿಂದ ಬಳಿಯುವ ಎಣ್ಣೆಬಣ್ಣವೂ ಅಕ್ಷರವನ್ನು ತುಂಬಿಬಿಡುತ್ತದೆ. ಓದಿದುದನ್ನು ತಿದ್ದದೆ, ತಪ್ಪಿದ್ದರೆ ತಪ್ಪಿನೊಡನೆಯೇ ಬರೆದುಕೊಳ್ಳಬೇಕು, ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಶ್ರಾದ್ಧಕ್ಕೆ ತಂದೆ, ತಾತ, ಮುತ್ತಾತರ ಹೆಸರುಗಳು ಬೇಕೆಂದು ಪುರೋಹಿತರು ಕೇಳಿ ಬರೆಸಿರುತ್ತಾರೆ. ಹುಟ್ಟಿದ ಮನೆಯ ಅಜ್ಜಿಯರ ಹೆಸರು, ಹೆರಿಗೆಯಲ್ಲಿ ಹೋದ ಸೊಸೆಯಂದಿರ ಹೆಸರು, ನಾಮಕರಣಕ್ಕೆ ಮೊದಲೇ ಹೋದ ಕೂಸುಗಳ ಲೆಕ್ಕ, ಇವು ಮನೆಯ ಹಿರಿಯ ಹೆಂಗಸರಿಗೆ ಮಾತ್ರ ತಿಳಿದಿರುತ್ತವೆ. ಅವರು ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಒಂದು ಪುಸ್ತಕ ಹಿಡಿದು ಹತ್ತಿರ ಕುಳಿತರೆ, ಕೇಳದೆಯೇ ಹೇಳುತ್ತಾರೆ.